ಬ್ರೇಕ್ ಹಾಕಿ ಮುಂದೆ ಹೋಗುವ ಪಾರಿವಾಳಗಳು

2017ರ ಫೆಬ್ರುವರಿ 15. ಶ್ರೀಹರಿಕೋಟದಿಂದ ಹೊರಟ ಪಿಎಸ್‌ಎಲ್‌ವಿ-ಸಿ37 ಒಂದೇ ಸಲಕ್ಕೆ 104 ಉಪಗ್ರಹಗಳನ್ನು ಕಕ್ಷೆಗೆ ಬಿಟ್ಟ ದಿನ. ಟಿವಿ ಮುಂದೆ ಕೂತಿದ್ದ ನಮ್ಮ ಸೋದರಮಾವ ಒಂದು ಪ್ರಶ್ನೆ ಎಸೆದರು: "ಒಂದೇ ಗಾಡಿಯಿಂದ ಇಷ್ಟೊಂದು ಸುರಿದರೆ ಒಂದಕ್ಕೊಂದು ಡಿಕ್ಕಿ ಹೊಡೆಯಲ್ವೇನಯ್ಯಾ?" "ಅದಕ್ಕೆಲ್ಲ ಲೆಕ್ಕ ಹಾಕಿರ್ತಾರೆ ಮಾವ" ಎಂದು ಜಾರಿಕೊಂಡೆ. ಉತ್ತರ ನನಗೂ ಗೊತ್ತಿರಲಿಲ್ಲ. ಆಮೇಲೆ ಹುಡುಕಿ ಓದಿದೆ. ಡಿಕ್ಕಿಗಿಂತ ದೊಡ್ಡ ತಮಾಷೆ ಅಲ್ಲಿ ಕಾದು ಕೂತಿತ್ತು.

ಆ ರಾಕೆಟ್ಟಿನ ಯಜಮಾನ 714 ಕೆಜಿ ತೂಕದ ಇಸ್ರೊ ಉಪಗ್ರಹ ಕಾರ್ಟೊಸ್ಯಾಟ್. ಉಳಿದ 103 ಸೇರಿದರೂ ಅದರಷ್ಟು ತೂಗುತ್ತಿರಲಿಲ್ಲ. ಅವುಗಳಲ್ಲಿ 88 ಅಮೆರಿಕದ ಪ್ಲಾನೆಟ್ ಕಂಪನಿಯವು. ಹೆಸರು ಡವ್, ಅಂದರೆ ಪಾರಿವಾಳ. ಒಂದೊಂದೂ ಸುಮಾರು 5 ಕೆಜಿ, 30 ಸೆಂಟಿಮೀಟರ್ ಉದ್ದದ ಡಬ್ಬಿ. ಭೂಮಿಯ ಫೋಟೊ ತೆಗೆಯುವುದು ಅವುಗಳ ಕೆಲಸ. ಒಂದು ವಿಷಯ ನೆನಪಿಟ್ಟುಕೊಳ್ಳಿ: ಮುಂದೆ ತಳ್ಳಿಕೊಳ್ಳಲು ಅವಕ್ಕೆ ಎಂಜಿನ್ನೇ ಇಲ್ಲ.

ಡಬ್ಬಿ ಅಂದೆನಲ್ಲ, ಅದರದ್ದೊಂದು ಕಥೆ. 1999ರಲ್ಲಿ ಅಮೆರಿಕದ ಇಬ್ಬರು ಪ್ರೊಫೆಸರುಗಳು, ಬಾಬ್ ಟ್ವಿಗ್ಸ್ ಮತ್ತು ಜೋರ್ಡಿ ಪುಯಿಗ್-ಸುವಾರಿ, ವಿದ್ಯಾರ್ಥಿಗಳು ಕಟ್ಟಬಹುದಾದ ಪುಟ್ಟ ಉಪಗ್ರಹಕ್ಕೆ ಅಳತೆ ಗೊತ್ತು ಮಾಡಲು ಹೊರಟರು. ಬೀನಿ ಬೇಬಿ ಎಂಬ ಗೊಂಬೆ ಇಟ್ಟು ಮಾರುವ ಪ್ಲಾಸ್ಟಿಕ್ ಪೆಟ್ಟಿಗೆ ಟ್ವಿಗ್ಸ್ ಕಣ್ಣಿಗೆ ಬಿತ್ತು. ಅದೇ ದಾರಿ ತೋರಿಸಿತು. ಹತ್ತು ಸೆಂಟಿಮೀಟರಿನ ಆ ಘನಕ್ಕೆ ಕ್ಯೂಬ್‌ಸ್ಯಾಟ್ ಅಂತ ಹೆಸರಾಯಿತು. ಡವ್ ಅಂದರೆ ಅಂಥ ಮೂರು ಘನ ಪೇರಿಸಿದ ಹಾಗೆ. ಗ್ಯಾಸ್ ಸಿಲಿಂಡರಿನ ಬಾಯಿ ಒಂದೇ ಅಳತೆಯದಾದ್ದರಿಂದ ಯಾರ ಮನೆಯ ರೆಗ್ಯುಲೇಟರ್ ಆದರೂ ಕೂರುತ್ತದೆ, ಅಲ್ವಾ? ಇದೂ ಹಾಗೇ. ಅಳತೆ ಒಂದಾದ ಮೇಲೆ ಒಳಗೇನಿದೆ ಅಂತ ರಾಕೆಟ್ಟಿನವರು ತಲೆ ಕೆಡಿಸಿಕೊಳ್ಳಬೇಕಿಲ್ಲ. ಉಪಗ್ರಹವನ್ನು ಕೊಳವೆಯಂಥ ಪೆಟ್ಟಿಗೆಗೆ ತುರುಕುತ್ತಾರೆ. ಹಿಂದೊಂದು ಸ್ಪ್ರಿಂಗ್, ಮುಂದೊಂದು ಬಾಗಿಲು. ಮೇಲೆ ಹೋದಾಗ ಬಾಗಿಲು ತೆರೆಯುತ್ತದೆ, ಸ್ಪ್ರಿಂಗ್ ತಳ್ಳುತ್ತದೆ. ಅಷ್ಟೇ. ಕೋಟಿಗಟ್ಟಲೆ ದುಡ್ಡಿನ ಪ್ರಯಾಣದ ಕೊನೆಯ ತಳ್ಳು ಬಾಲ್‌ಪೆನ್ನಿನ ಹಿಂಬದಿಯ ತಂತ್ರ!

ಇಲ್ಲಿ ಸ್ವಲ್ಪ ಸಿಟ್ಟು ತೋಡಿಕೊಳ್ಳುತ್ತೇನೆ. ಎತ್ತರಕ್ಕೆ ಹೋದರೆ ಗುರುತ್ವಾಕರ್ಷಣೆ ಮುಗಿದುಹೋಗುತ್ತದೆ, ಅಲ್ಲಿ ವಸ್ತುಗಳು ಸುಮ್ನೆ ತೇಲುತ್ತವೆ ಅನ್ನುವುದನ್ನು ಪದವಿ ಪಡೆದವರ ಬಾಯಲ್ಲೂ ಕೇಳಿದ್ದೇನೆ. 500 ಕಿಲೋಮೀಟರ್ ಮೇಲೆ ಗುರುತ್ವ ನೆಲದ ಮೇಲಿರುವುದರ ಶೇ 86ರಷ್ಟು ಇದ್ದೇ ಇರುತ್ತದೆ. ಉಪಗ್ರಹ ಬೀಳುತ್ತಲೇ ಇದೆ. ಸೆಕೆಂಡಿಗೆ 7.6 ಕಿಲೋಮೀಟರ್ ಅಡ್ಡಕ್ಕೆ ಓಡುತ್ತಿರುವುದರಿಂದ ಅದು ಬಿದ್ದಷ್ಟೂ ನೆಲ ದುಂಡಗೆ ಬಾಗಿ ದೂರ ಸರಿಯುತ್ತದೆ. ಎತ್ತರಕ್ಕೆ ಹೋಗುವುದು ಸುಲಭದ ಭಾಗ. ಅಡ್ಡ ಓಟವೇ ಕಷ್ಟ. ನಂಬಿಕೆ ಬಾರದಿದ್ದರೆ 2022ರ ಆಗಸ್ಟ್ 7 ನೆನಪಿಸಿಕೊಳ್ಳಿ. ಇಸ್ರೊದ ಹೊಸ ಪುಟ್ಟ ರಾಕೆಟ್ ಎಸ್‌ಎಸ್‌ಎಲ್‌ವಿ ತನ್ನ ಮೊದಲ ಹಾರಾಟದಲ್ಲಿ 356 ಕಿಲೋಮೀಟರ್ ಎತ್ತರ ಸರಿಯಾಗಿಯೇ ಮುಟ್ಟಿತು. ಆದರೆ ಅಡ್ಡ ವೇಗದಲ್ಲಿ ನೂರಕ್ಕೆ ಒಂದು ಪಾಲಿನಷ್ಟು ಕೊರತೆ ಬಿತ್ತು. ದುಂಡಗಿರಬೇಕಿದ್ದ ಕಕ್ಷೆ ಮೊಟ್ಟೆಯಾಯಿತು, ಅದರ ಕೆಳತುದಿ 76 ಕಿಲೋಮೀಟರಿಗೆ ಇಳಿಯಿತು. ಅಲ್ಲಿ ಗಾಳಿ ದಟ್ಟ, ಹೊತ್ತೊಯ್ದ ಉಪಗ್ರಹಗಳು ಉಳಿಯಲಿಲ್ಲ. ದೇಶದ ಸರ್ಕಾರಿ ಶಾಲೆಗಳ ಹುಡುಗಿಯರು ಕೈಜೋಡಿಸಿದ್ದ ಆಜಾದಿಸ್ಯಾಟ್ ಕೂಡ ಅದರಲ್ಲಿತ್ತು. ಹೊಟ್ಟೆ ಉರಿಯುತ್ತದೆ.

ಈಗ ಮಾವನ ಪ್ರಶ್ನೆ. ಸ್ಪ್ರಿಂಗ್ ತಳ್ಳುವ ವೇಗ ಸೆಕೆಂಡಿಗೆ ಒಂದೆರಡು ಮೀಟರ್. ನಾವು ಬೆಳಿಗ್ಗೆ ವಾಕಿಂಗ್ ಹೋಗುವ ವೇಗ. ಒಂದು ಉಪಗ್ರಹವನ್ನು ಓಟದ ದಿಕ್ಕಿನಲ್ಲೇ, ಮುಂದಕ್ಕೆ, ಸೆಕೆಂಡಿಗೆ ಒಂದು ಮೀಟರ್ ತಳ್ಳಿದೆವು ಅನ್ನಿ. ಒಂದು ಸುತ್ತು, ಅಂದರೆ ಸುಮಾರು 95 ನಿಮಿಷ ಕಳೆದ ಮೇಲೆ ಅದೆಲ್ಲಿರುತ್ತದೆ? ರಾಕೆಟ್ಟಿನ ಮುಂದೆ ಅಂತ ತಾನೆ ಅಂದುಕೊಂಡಿರಿ? ಅಲ್ಲ, 17 ಕಿಲೋಮೀಟರ್ ಹಿಂದೆ! ಮುಂದಕ್ಕೆ ತಳ್ಳಿದ್ದಕ್ಕೆ ಅದರ ಸುತ್ತು ಕೊಂಚ ದೊಡ್ಡದಾಯಿತು. ದೊಡ್ಡ ಸುತ್ತಿಗೆ ಹೊತ್ತು ಜಾಸ್ತಿ. ಹಿಂದಕ್ಕೆ ತಳ್ಳಿದ್ದು ಅಷ್ಟೇ ದೂರ ಮುಂದೆ ಹೋಗುತ್ತದೆ. ಇನ್ನು ನೇರ ಪಕ್ಕಕ್ಕೆ ತಳ್ಳಿದ್ದು? ಅದರ ಸುತ್ತಿನ ಹೊತ್ತು ಬದಲಾಗುವುದೇ ಇಲ್ಲ. ಹಾಗಾಗಿ ಒಂದು ಸುತ್ತು ಮುಗಿಸಿ, ಊರ ಜಾತ್ರೆಯಲ್ಲಿ ತಪ್ಪಿಸಿಕೊಂಡ ಸಾಲಗಾರನ ಹಾಗೆ, ಮತ್ತೆ ಎದುರಿಗೇ ಬಂದು ನಿಲ್ಲುತ್ತದೆ. ಅದಕ್ಕೇ ಪಿಎಸ್‌ಎಲ್‌ವಿಯ ಕೊನೆಯ ಹಂತ ಮೈ ತಿರುಗಿಸುತ್ತಾ, ಬೇರೆ ಬೇರೆ ದಿಕ್ಕಿಗೆ, ಬೇರೆ ಬೇರೆ ಕ್ಷಣದಲ್ಲಿ ಬಾಗಿಲು ತೆರೆದದ್ದು. ಲೆಕ್ಕ ಹಾಕಿರ್ತಾರೆ ಅಂದಿದ್ದೆನಲ್ಲ, ಆ ಲೆಕ್ಕ ಇದು.

ಆದರೆ ಪ್ಲಾನೆಟ್‌ನವರಿಗೆ ಡಿಕ್ಕಿ ತಪ್ಪಿದರೆ ಸಾಲದು. 88 ಪಾರಿವಾಳಗಳು ಗುಂಪಾಗಿ ಹಾರಿದರೆ ಒಂದೇ ಊರಿನ ಫೋಟೊ 88 ಸಲ ಬರುತ್ತದೆ. ಭೂಮಿಯ ಸುತ್ತ ಸಮನಾಗಿ, ಮಣಿಸರದ ಹಾಗೆ ಹರಡಬೇಕು. ಎಂಜಿನ್ ಇಲ್ಲದೆ ಹೇಗೆ?

ಗಾಳಿಯಿಂದ. 500 ಕಿಲೋಮೀಟರ್ ಮೇಲೂ ಗಾಳಿಯ ಒಂದು ಸುಳಿವು ಇದೆ. ಡವ್‌ಗೆ ಸೋಲಾರ್ ಫಲಕಗಳ ರೆಕ್ಕೆ ಇದೆ. ರೆಕ್ಕೆಯ ಅಂಚು ಗಾಳಿಗೆ ಕೊಟ್ಟು ಹಾರಿದರೆ ತಡೆ ಕಡಿಮೆ, ಅಗಲ ಕೊಟ್ಟರೆ ಜಾಸ್ತಿ. ಮುಂದೆ ಹೋಗಬೇಕಾದ ಡವ್ ರೆಕ್ಕೆಯ ಅಗಲವನ್ನು ಗಾಳಿಗೆ ಒಡ್ಡುತ್ತದೆ. ಹೌದು, ಮುಂದೆ ಹೋಗಬೇಕಾದದ್ದೇ ಬ್ರೇಕ್ ಹಾಕುತ್ತದೆ.

ಇದು ನನಗೆ ಎಷ್ಟು ಇಷ್ಟ ಅಂದರೆ ಎರಡು ಸಲ ಹೇಳುತ್ತೇನೆ. ಮೊದಲು ಕಣದ ಎತ್ತು. ಮೇಟಿಕಂಬಕ್ಕೆ ಹತ್ತಿರದ ಎತ್ತಿಗೆ ಸುತ್ತು ಚಿಕ್ಕದು, ಹೊರಗಿನದಕ್ಕೆ ದೊಡ್ಡದು. ಹಗ್ಗ ಬಿಚ್ಚಿ ಒಂದೇ ವೇಗದಲ್ಲಿ ನಡೆಸಿದರೆ ಒಳಗಿನದು ಮುಂದೆ. ಬ್ರೇಕ್ ಹಾಕಿದ ಡವ್ ಕೆಳಗಿಳಿದು ಒಳಗಿನ ಎತ್ತಾಗುತ್ತದೆ. ಆದರೆ ಎತ್ತಿನ ಹೋಲಿಕೆ ಅಲ್ಲಿಗೆ ಕುಂಟುತ್ತದೆ. ಯಾಕೆಂದರೆ ಡವ್‌ಗೆ ಸುತ್ತು ಚಿಕ್ಕದಾಗುವುದಷ್ಟೇ ಅಲ್ಲ, ಓಟವೂ ಹೆಚ್ಚುತ್ತದೆ. ಅದಕ್ಕೆ ರೂಪಾಯಿ ಲೆಕ್ಕ. ಗಾಳಿ ಉಪಗ್ರಹದಿಂದ ಒಂದು ರೂಪಾಯಿ ಶಕ್ತಿ ಕಿತ್ತುಕೊಂಡಿತು ಅನ್ನಿ. ಅಷ್ಟಕ್ಕೆ ಅದು ಎಷ್ಟು ಕೆಳಗಿಳಿಯುತ್ತದೆಂದರೆ, ಇಳಿದದ್ದಕ್ಕೆ ಸರಿಯಾಗಿ ಎರಡು ರೂಪಾಯಿ ಕೈಸೇರುತ್ತದೆ. ಒಂದು ಗಾಳಿಗೆ ಹೋಯಿತು, ಇನ್ನೊಂದು ವೇಗವಾಗಿ ಜೇಬಲ್ಲಿ ಉಳಿಯಿತು. ದಂಡ ಕಟ್ಟಿಯೂ ಲಾಭ!

ಹೊಸ ವಿಷಯವೇನಲ್ಲ. 1957ರಲ್ಲಿ ಸ್ಪುಟ್ನಿಕ್ ಹಾರಿದಾಗ ಅದು ಸುಮಾರು 96 ನಿಮಿಷಕ್ಕೊಂದು ಸುತ್ತು ಹಾಕುತ್ತಿತ್ತು. ದಿನ ಕಳೆದಂತೆ ಆ ಹೊತ್ತು ಕಡಿಮೆಯಾಗುತ್ತಾ ಬಂತು. 1958ರ ಜನವರಿಯಲ್ಲಿ ಅದು ಉರಿದುಹೋಯಿತು. ಬ್ರಿಟನ್ನಿನ ಡೆಸ್ಮಂಡ್ ಕಿಂಗ್-ಹೀಲಿ ಉಪಗ್ರಹಗಳ ಸುತ್ತಿನ ಹೊತ್ತು ಹೀಗೆ ಸವೆಯುವುದನ್ನೇ ಅಳೆದು, ಯಾರೂ ಮುಟ್ಟಲಾಗದ ಎತ್ತರದಲ್ಲಿ ಗಾಳಿ ಎಷ್ಟಿದೆ ಅಂತ ಕಂಡುಕೊಂಡರು. ಅಂದಿನ ಕಾಟವನ್ನು ಪ್ಲಾನೆಟ್‌ನವರು ಸ್ಟೀರಿಂಗ್ ಮಾಡಿಕೊಂಡರು.

ಒಂದು ಡವ್ ಇನ್ನೊಂದಕ್ಕಿಂತ ಬರೀ ಒಂದು ಕಿಲೋಮೀಟರ್ ಕೆಳಗಿದ್ದರೆ ಅದರ ಸುತ್ತು ಒಂದೂಕಾಲು ಸೆಕೆಂಡ್ ಬೇಗ ಮುಗಿಯುತ್ತದೆ. ಪ್ರತಿ ಸುತ್ತಿಗೆ ಒಂಬತ್ತು ಕಿಲೋಮೀಟರಿಗಿಂತ ಜಾಸ್ತಿ ಮುನ್ನಡೆ. ದಿನಕ್ಕೆ 140ರ ಆಸುಪಾಸು. ಐದು ತಿಂಗಳಲ್ಲಿ ಎರಡೂ ಭೂಮಿಯ ಎದುರುಬದುರು ಬದಿಯಲ್ಲಿ. ಅಷ್ಟಾದ ಮೇಲೆ ಹಿಂದಿನದೂ ರೆಕ್ಕೆ ಬಿಡಿಸಿ ಅದೇ ಎತ್ತರಕ್ಕೆ ಇಳಿದರೆ ಅಂತರ ಅಲ್ಲಿಗೇ ನಿಲ್ಲುತ್ತದೆ. ತಾಳ್ಮೆ ಬೇಕು, ಇಂಧನ ಬೇಡ.

ಗಾಳಿ ಯಾವಾಗಲೂ ಹೇಳಿದ ಮಾತು ಕೇಳುವುದಿಲ್ಲ ಅನ್ನುವುದೂ ನಿಜ. 2022ರ ಫೆಬ್ರುವರಿಯಲ್ಲಿ ಸ್ಪೇಸ್‌ಎಕ್ಸ್ ಹಾರಿಸಿದ 49 ಸ್ಟಾರ್‌ಲಿಂಕ್ ಉಪಗ್ರಹಗಳು ಇನ್ನೂ 210 ಕಿಲೋಮೀಟರ್ ಎತ್ತರದಲ್ಲಿದ್ದವು. ಸೂರ್ಯನಿಂದ ಎದ್ದ ಬಿರುಗಾಳಿಗೆ ಮೇಲಿನ ವಾತಾವರಣ ಕಾದು ಉಬ್ಬಿತು. ಸುಮಾರು 40 ಉಪಗ್ರಹಗಳು ಮತ್ತೆ ಮೇಲೇಳಲಿಲ್ಲ.

ಈಗ ಈ ವ್ಯಾಪಾರ ಬಸ್ಸು ಮತ್ತು ಆಟೊ ಅಂತ ಎರಡಾಗಿದೆ. ಸ್ಪೇಸ್‌ಎಕ್ಸ್‌ನ ಫಾಲ್ಕನ್ 9 ಬಸ್ಸು. 2021ರ ಜನವರಿಯಲ್ಲಿ ಅದು 143 ಉಪಗ್ರಹ ಹೊತ್ತು ನಮ್ಮ 104ರ ದಾಖಲೆ ಮುರಿಯಿತು, ಅದರಲ್ಲೂ 48 ಪಾರಿವಾಳಗಳಿದ್ದವು. ಬೆಂಗಳೂರಿನ ಪಿಕ್ಸೆಲ್ ಕಂಪನಿಯ 'ಶಕುಂತಲಾ' 2022ರ ಏಪ್ರಿಲ್‌ನಲ್ಲಿ ಹತ್ತಿದ್ದು ಇದೇ ಬಸ್ಸು. ಅದೇ ಕಂಪನಿಯ 'ಆನಂದ್' ನವೆಂಬರಿನಲ್ಲಿ ಪಿಎಸ್‌ಎಲ್‌ವಿಯಲ್ಲಿ ಹೋಯಿತು. ಬಸ್ಸು ಅಗ್ಗ, ಆದರೆ ಅದು ಹೋದ ಕಡೆಗೆ ನಾವು ಹೋಗಬೇಕು. ಆಟೊ ಅಂದರೆ ರಾಕೆಟ್ ಲ್ಯಾಬ್ ಕಂಪನಿಯ ಎಲೆಕ್ಟ್ರಾನ್, ನ್ಯೂಜಿಲೆಂಡಿನ ಮಾಹಿಯಾದಿಂದ ಹಾರುತ್ತದೆ. 18 ಮೀಟರ್ ಎತ್ತರ, ಹೊರುವುದು ಹೆಚ್ಚೆಂದರೆ 300 ಕೆಜಿ. ಎಂಜಿನ್ನಿಗೆ ಇಂಧನ ನೂಕುವ ಪಂಪು ಬ್ಯಾಟರಿಯಲ್ಲಿ ಓಡುತ್ತದೆ, ಖಾಲಿಯಾದ ಬ್ಯಾಟರಿಯನ್ನು ಹಾರುತ್ತಲೇ ಕೆಳಗೆ ಎಸೆಯುತ್ತದೆ! ಕೆಜಿ ಲೆಕ್ಕದಲ್ಲಿ ದುಬಾರಿ, ಆದರೆ ಮನೆ ಬಾಗಿಲಿಗೆ ಬಿಡುತ್ತದೆ. ನಮ್ಮ ಎಸ್‌ಎಸ್‌ಎಲ್‌ವಿಯೂ ಆಟೊ ಸ್ಟ್ಯಾಂಡಿನದೇ. 2023ರ ಫೆಬ್ರುವರಿಯಲ್ಲಿ ಎರಡನೇ ಪ್ರಯತ್ನದಲ್ಲಿ ಗೆದ್ದಿತು. ಅದನ್ನು ಕಟ್ಟುವ ಹಕ್ಕು 2025ರಲ್ಲಿ ಬೆಂಗಳೂರಿನ ಎಚ್‌ಎಎಲ್ ಪಾಲಾಯಿತು.

ಮೊನ್ನೆ ಮಾವನಿಗೆ ಇದನ್ನೆಲ್ಲ ವಿವರಿಸಿದೆ. ಅವರಿಗೆ ರೂಪಾಯಿ ಲೆಕ್ಕ ಹಿಡಿಸಿತು. "ಹಾಗಾದ್ರೆ ಬ್ರೇಕ್ ಹಾಕ್ತಾ ಹಾಕ್ತಾ ಕೆಳಗೆ ಬಂದುಬಿಡುತ್ತಲ್ಲ?" ಅಂದರು. ಬರುತ್ತದೆ. ಆ ಎತ್ತರದಿಂದ ಕೆಲವು ವರ್ಷ ಹಿಡಿಯುತ್ತದೆ. ಕೆಳಗೆ ಬಂದಷ್ಟೂ ಗಾಳಿ ದಟ್ಟ, ಓಟ ಜೋರು. ಕೊನೆಕೊನೆಯ ಸುತ್ತುಗಳಲ್ಲೇ ಅದು ತನ್ನ ಜನ್ಮದ ಅತಿ ವೇಗದಲ್ಲಿರುತ್ತದೆ.