ಓದುಗರ ಪ್ರಶ್ನೆ: ಹಳೇ ಕಾರಿನ ಬಾಡಿಯನ್ನು ಪೂರ್ತಿ ಸ್ಯಾಂಡ್‌ಬ್ಲಾಸ್ಟ್ ಮಾಡಿಸಬಹುದೇ?

ಪ್ರಶ್ನೆ: ಹಳೇ ಕಾರೊಂದನ್ನು ರಿಸ್ಟೋರ್ ಮಾಡುತ್ತಿದ್ದೇನೆ. ಬಣ್ಣ ಕೆರೆಯುತ್ತ ಕೂರುವ ಬದಲು, ಗಾಳಿಯ ರಭಸದಲ್ಲಿ ಮರಳಿನಂಥ ಕಣಗಳನ್ನು ಎರಚಿಸಿ ಇಡೀ ಬಾಡಿಯನ್ನು ಸ್ಯಾಂಡ್‌ಬ್ಲಾಸ್ಟ್ ಮಾಡಿಸಿಬಿಡಲೇ? ತಗಡು ಬಿಸಿಯಾಗದಂತೆ ನಿಧಾನವಾಗಿ ಮಾಡಿದರೆ ಏನೂ ಆಗುವುದಿಲ್ಲವಂತಲ್ಲ?

ಉತ್ತರ: ಛಾಸಿಗೆ ಮಾಡಿಸಿ. ಸಸ್ಪೆನ್ಷನ್ ಆರ್ಮ್‌ಗಳಿಗೆ, ಉಕ್ಕಿನ ಚಕ್ರಗಳಿಗೆ, ದಪ್ಪ ಬ್ರಾಕೆಟ್‌ಗಳಿಗೆ ಧಾರಾಳವಾಗಿ ಮಾಡಿಸಿ. ಬಾನೆಟ್, ರೂಫ್, ಡೋರ್, ಡಿಕ್ಕಿಯ ಮುಚ್ಚಳ, ಇವುಗಳ ಹತ್ತಿರ ಮಾತ್ರ ಆ ನಾಜಲ್ ಸುಳಿಯಕೂಡದು. ಇದನ್ನು ಎಷ್ಟು ಸಲ ಬರೆದರೂ ಮುಂದಿನ ಪ್ರಶ್ನೆಯ ಬಾಲದಲ್ಲಿ ಮತ್ತದೇ ‘ಬಿಸಿಯಾಗದಂತೆ ಮಾಡಿದರೆ’ ನೇತಾಡುತ್ತಿರುತ್ತದೆ. ಇವತ್ತು ಆ ಬಾಲವನ್ನೇ ಹಿಡಿಯೋಣ.

ಬ್ಲಾಸ್ಟಿಂಗ್‌ನಲ್ಲಿ ತಗಡು ಸೊಟ್ಟಗಾಗುವುದು ಬಿಸಿಯಿಂದ ಅಲ್ಲವೇ ಅಲ್ಲ. ಕೆಲಸ ಮುಗಿದೊಡನೆ ಪ್ಯಾನೆಲ್ ಮುಟ್ಟಿ ನೋಡಿದವರಿಗೆ ಗೊತ್ತು, ಬೆಚ್ಚಗಿರುತ್ತದೆ, ಅಷ್ಟೇ. ಶಾಖದಿಂದ ಉಕ್ಕು ಶಾಶ್ವತವಾಗಿ ತಿರುಚಿಕೊಳ್ಳಬೇಕಾದರೆ ವೆಲ್ಡಿಂಗ್‌ನಲ್ಲಿ ಆಗುವಂತೆ ಒಂದೇ ಜಾಗ ನೂರಾರು ಡಿಗ್ರಿ ಕಾಯಬೇಕು. ಇಲ್ಲಿ ಕೆಲಸ ಕೆಡಿಸುವುದು ಪೆಟ್ಟು. ತಾಮ್ರದ ಹಾಳೆಯನ್ನು ತಟ್ಟಿ ತಟ್ಟಿ ಬೋಗುಣಿ ಮಾಡುವವನ ಸುತ್ತಿಗೆಯಂತೆಯೇ ಒಂದೊಂದು ಕಣವೂ ತಗಡಿನ ಮೇಲ್ಪದರವನ್ನು ಚೂರುಚೂರೇ ಹಿಗ್ಗಿಸುತ್ತದೆ. ಕೆಳಪದರ ಹಿಗ್ಗುವುದಿಲ್ಲ. ಆಗ ತಗಡಿಗೆ ಉಳಿಯುವುದು ಒಂದೇ ದಾರಿ: ಪೆಟ್ಟು ಬಿದ್ದ ಕಡೆಗೆ ಉಬ್ಬುವುದು. ಬಾಡಿಯ ತಗಡು ಸಾಮಾನ್ಯವಾಗಿ 0.8ರಿಂದ 1 ಮಿ.ಮೀ. ದಪ್ಪ. ತಡೆದುಕೊಳ್ಳಲು ಅದರಲ್ಲಿ ಏನಿದೆ?

ಇದು ನನ್ನ ಊಹೆಯೆಂದು ಕೆಲವರು ವಾದಿಸುತ್ತಾರೆ. ಸ್ಪ್ರಿಂಗ್, ಗೇರುಗಳ ಆಯಸ್ಸು ಹೆಚ್ಚಿಸಲು ಅವುಗಳ ಮೇಲೆ ಬೇಕೆಂದೇ ಗುಂಡುಗಳನ್ನು ಎರಚುವ ಶಾಟ್ ಪೀನಿಂಗ್ ಎಂಬ ವಿಧಾನವಿದೆ. ಪೆಟ್ಟಿನ ತೀವ್ರತೆಯನ್ನು ಅಳೆಯಲು ಜನರಲ್ ಮೋಟರ್ಸ್‌ನ ಆಲ್ಮೆನ್ 1940ರ ದಶಕದಲ್ಲಿ ಕೊಟ್ಟ ಉಪಾಯವೇ ಇಂದಿಗೂ ಬಳಕೆಯಲ್ಲಿದೆ. 76 ಮಿ.ಮೀ. ಉದ್ದ, 19 ಮಿ.ಮೀ. ಅಗಲದ ಉಕ್ಕಿನ ಪಟ್ಟಿಯನ್ನು ದಿಮ್ಮಿಗೆ ಬಿಗಿದು ಒಂದೇ ಬದಿಗೆ ಗುಂಡು ಹೊಡೆಯುತ್ತಾರೆ. ಸ್ಕ್ರೂ ಬಿಚ್ಚಿದರೆ ಪಟ್ಟಿ ಬಿಲ್ಲಿನಂತೆ ಬಾಗಿರುತ್ತದೆ. ಎಷ್ಟು ಬಾಗಿದೆಯೋ ಅದೇ ಅಳತೆ. ಈ ಪಟ್ಟಿಗಳಲ್ಲಿ ತೀರಾ ತೆಳುವಾದದ್ದರ ದಪ್ಪ 0.79 ಮಿ.ಮೀ., ಅಂದರೆ ಹೆಚ್ಚುಕಡಿಮೆ ನಿಮ್ಮ ಬಾನೆಟ್ಟಿನಷ್ಟೇ. ಒಂದು ಇಡೀ ಉದ್ಯಮ ಯಾವುದನ್ನು ಮಾಪಕವಾಗಿ ನೆಚ್ಚಿಕೊಂಡಿದೆಯೋ ಅದು ನಿಮ್ಮ ಕಾರಿನಲ್ಲಿ ಮಾತ್ರ ನಡೆಯುವುದಿಲ್ಲ ಎಂದರೆ ಹೇಗೆ?

ಈಗ ‘ನಿಧಾನವಾಗಿ’ಯ ಕಥೆ ನೋಡಿ. ನಾಜಲ್ಲನ್ನು ನಿಧಾನವಾಗಿ ಸರಿಸಿದಷ್ಟೂ ಒಂದೇ ಜಾಗಕ್ಕೆ ಹೆಚ್ಚು ಪೆಟ್ಟು, ಹೆಚ್ಚು ಹಾನಿ. ನೀರು ಬೆರೆಸಿದರೆ ಧೂಳು ತಗ್ಗುತ್ತದೆ, ಪೆಟ್ಟು ಇಲ್ಲವಾಗುವುದಿಲ್ಲ. ಮೇಲಾಗಿ ಬರಿ ಉಕ್ಕು ಕಣ್ಣೆದುರೇ ತುಕ್ಕಾಗುತ್ತದೆ. ಎರಡೂ ಬದಿಗೆ ಸಮನಾಗಿ ಹೊಡೆದರೆ? ಎರಡೂ ಬದಿ ಹಿಗ್ಗುತ್ತವೆ. ಹೆಚ್ಚಾದ ತಗಡಿಗೆ ಹೋಗಲು ಜಾಗವಿಲ್ಲದೆ ಒತ್ತಿದರೆ ಒಳಗೆ, ಬಿಟ್ಟರೆ ಹೊರಗೆ ‘ಟಕ್’ ಎನ್ನತೊಡಗುತ್ತದೆ. ‘ನನ್ನ ಮಡ್‌ಗಾರ್ಡ್‌ಗೆ ಏನೂ ಆಗಲಿಲ್ಲವಲ್ಲ’ ಎನ್ನುವವರಿಗೆ: ಎರಡು ದಿಕ್ಕಿಗೂ ಬಾಗಿರುವ ಪ್ಯಾನೆಲ್ ತನ್ನ ಆಕಾರದಿಂದಲೇ ಗಟ್ಟಿ. ಅದೇ ಧೈರ್ಯವನ್ನು ರೂಫಿನ ಮೇಲೆ ತೋರಿಸಬೇಡಿ. ಇನ್ನು ಎರಚುವುದು ನಿಜವಾದ ಮರಳೇ ಆದರೆ ಅದರ ಸಿಲಿಕಾ ಧೂಳು ಶ್ವಾಸಕೋಶವನ್ನು ಸಿಲಿಕೋಸಿಸ್‌ಗೆ ದೂಡುತ್ತದೆ. ತಗಡಿನ ಮಾತು ಆಮೇಲೆ.

ಹಾಗಾದರೆ ಏನು ಮಾಡಬೇಕು? ದೊಡ್ಡ ಪ್ಯಾನೆಲ್‌ಗಳಿಗೆ ಪೇಂಟ್ ರಿಮೂವರ್, ಇಲ್ಲವೇ 80 ಗ್ರಿಟ್ ಕಾಗದ ಹಾಕಿದ ಆರ್ಬಿಟಲ್ ಸ್ಯಾಂಡರ್. ಉಜ್ಜುವ ಮೊದಲೇ ಮೇಣ, ಜಿಡ್ಡು ಒರೆಸಿ ತೆಗೆಯಿರಿ. ಇಲ್ಲದಿದ್ದರೆ ಅದನ್ನೇ ಗೀರುಗಳೊಳಗೆ ತಿಕ್ಕಿದಂತಾಗುತ್ತದೆ. ರಿಮೂವರ್ ಬಳಸುವಾಗ ಅಂಚು ಮತ್ತು ಜೋಡಣೆಗಳಿಗೆ ಟೇಪ್ ಹಚ್ಚಿ. ಸಂದಿಗೆ ಇಳಿದ ರಾಸಾಯನಿಕ ಹೊಸ ಬಣ್ಣದ ಕೆಳಗಿನಿಂದ ಮತ್ತೆ ಒಸರುತ್ತದೆ. ಸೋಡಾ ಬ್ಲಾಸ್ಟಿಂಗ್ ಬೇರೆ ಮಾತು. 1980ರ ದಶಕದಲ್ಲಿ ಲಿಬರ್ಟಿ ಪ್ರತಿಮೆಯ ಜೀರ್ಣೋದ್ಧಾರದಲ್ಲಿ ಒಳಗಿನ ತಾಮ್ರದಿಂದ ಡಾಂಬರು ತೆಗೆದದ್ದು ಅಡುಗೆ ಸೋಡಾದಿಂದಲೇ. ತಗಡಿಗೆ ಅದು ಮೃದು, ಆದರೆ ತುಕ್ಕನ್ನು ತೆಗೆಯುವುದಿಲ್ಲ, ಉಳಿದ ಪುಡಿಯನ್ನು ಚೆನ್ನಾಗಿ ತೊಳೆಯದಿದ್ದರೆ ಪ್ರೈಮರ್ ಹಿಡಿಯುವುದಿಲ್ಲ. ಬರಿ ಉಕ್ಕು ಕಂಡ ಮೇಲೆ ಬರಿಗೈಯಲ್ಲಿ ಮುಟ್ಟದೆ ಅದೇ ದಿನ ಎಪಾಕ್ಸಿ ಪ್ರೈಮರ್ ಹೊಡೆಯಿರಿ, ತಗ್ಗು ತುಂಬುವ ಫಿಲ್ಲರ್ ಅದರ ಮೇಲೆ ಬರಲಿ. ಬಣ್ಣಕ್ಕೆ ಮುನ್ನ ಮೇಲ್ಮೈ ಸಮ ಮಾಡಲು ಹೊಡೆಯುವ ಸಾಮಾನ್ಯ ಸರ್ಫೇಸರ್ ನೀರು ಹೀರುತ್ತದೆ. ಅದರಲ್ಲೇ ಕಾರನ್ನು ತಿಂಗಳುಗಟ್ಟಲೆ ಹೊರಗೆ ನಿಲ್ಲಿಸಿದರೆ ಕೆಳಗೆ ತುಕ್ಕು ಮೊಳೆಯುತ್ತದೆ.

ಯಾರೂ ಕೇಳದ ಪ್ರಶ್ನೆ ಇನ್ನೊಂದಿದೆ, ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು: ಕಾರಿನ ಮೂಲ ಬಣ್ಣ ಯಾವುದು? ಬಣ್ಣವೆಲ್ಲ ಹೋದ ಮೇಲೆ ಇದನ್ನು ಕೇಳಿ ಫಲವಿಲ್ಲ. ತೆಗೆಯುವ ಮುನ್ನ ಮರೆಯಲ್ಲಿರುವ ಒಂದು ಜಾಗದಲ್ಲಿ ನುಣುಪು ಉಜ್ಜುಕಾಗದದಿಂದ ಸಣ್ಣ ಗುಂಡಿಯಂತೆ ಇಳಿಜಾರಾಗಿ ಉಜ್ಜಿ. ಪದರಗಳು ಒಂದರೊಳಗೊಂದು ಉಂಗುರಗಳಾಗಿ ಕಾಣುತ್ತವೆ. ಲೋಹಕ್ಕೆ ಅಂಟಿದ್ದು ಪ್ರೈಮರ್, ಅದರ ಆಚೆಯ ಮೊದಲ ಬಣ್ಣ ಸಾಮಾನ್ಯವಾಗಿ ಕಾರ್ಖಾನೆಯದು. ಅದನ್ನು ಡ್ಯಾಶ್‌ಬೋರ್ಡ್ ಹಿಂದೆ, ಡೋರ್ ರಬ್ಬರ್ ಕೆಳಗೆ ಸಿಗುವ ಬಣ್ಣದೊಂದಿಗೆ ಹೋಲಿಸಿ ನೋಡಿ, ಏಕೆಂದರೆ ಪ್ಯಾನೆಲ್ಲೇ ಬೇರೆ ಕಾರಿನದಾಗಿರಬಹುದು. ಬಿಸಿಲು ಕಾಣದ ಜಾಗದ ಬಣ್ಣವೇ ಅಸಲಿಗೆ ಹತ್ತಿರ. ಬಿಳಿ ಎನಾಮೆಲ್‌ನಲ್ಲಿ ಮಾತ್ರ ಎಚ್ಚರ: ಎಣ್ಣೆ ಆಧಾರದ ಬಿಳಿ ಕತ್ತಲಲ್ಲಿ ಹಳದಿಗೆ ತಿರುಗುತ್ತದೆ. ಆ ತುಣುಕನ್ನು ಕೆಲವು ದಿನ ಬೆಳಕಿಗಿಟ್ಟು, ಹಳದಿ ಇಳಿದ ಮೇಲೆ ಬಣ್ಣ ಹೊಂದಿಸಲು ಕೊಡಿ. ಇಲ್ಲವಾದರೆ ಬಿಳಿ ಕಾರನ್ನು ಕೆನೆ ಬಣ್ಣದ್ದೆಂದು ನಂಬಿ ಹೊಡೆಸಿಬಿಡುತ್ತೀರಿ.