ಹುಚ್ಚೆಳ್ಳಿನ ಜೊಳ್ಳಿಗೆ ಯೂರಿಯಾ ಮದ್ದಲ್ಲ

ದಸರಾ ಹೊತ್ತಿಗೆ ನಾಗಮಂಗಲ, ಹುಣಸೂರು, ಪಿರಿಯಾಪಟ್ಟಣದ ಕಡೆ ರಾಗಿ ಹೊಲಗಳಲ್ಲಿ ಹುಚ್ಚೆಳ್ಳಿನ ಅಕ್ಕಡಿ ಸಾಲು (ಮುಖ್ಯ ಬೆಳೆಯ ನಡುವೆ ಹಾಕುವ ಸಾಲು) ಹಳದಿ ಹೂ ಬಿಟ್ಟಿರುತ್ತದೆ. ಹೂವಿನ ಭರಾಟೆ ನೋಡಿ ಒಳ್ಳೆ ಫಸಲು ಎಂದುಕೊಂಡವರಿಗೆ ಒಕ್ಕಣೆಯಲ್ಲಿ ಜೊಳ್ಳೇ ಹೆಚ್ಚು ಸಿಗುವುದುಂಟು. ಗೊಬ್ಬರ ಸಾಲಲಿಲ್ಲವೆಂದು ಮುಂದಿನ ವರ್ಷ ಇನ್ನಷ್ಟು ಯೂರಿಯಾ ಚೆಲ್ಲಿದರೆ ಗಿಡ ಉದ್ದಕ್ಕೆ ಬೆಳೆದು ಮಲಗುತ್ತದೆ, ಜೊಳ್ಳು ಮಾತ್ರ ಹಾಗೇ ಉಳಿಯುತ್ತದೆ. ಹೆಚ್ಚಿನ ಸಲ ಕೊರತೆ ಇರುವುದು ಜೇನಿನದು.

ಹುಚ್ಚೆಳ್ಳು, ಅಂದರೆ ಗೈಜೋಷಿಯಾ ಅಬಿಸಿನಿಕಾ, ಸೂರ್ಯಕಾಂತಿಯ ಕುಟುಂಬದ್ದು. ಎಳ್ಳಿಗೂ ಇದಕ್ಕೂ ನಂಟಿಲ್ಲ. ತವರು ಇಥಿಯೋಪಿಯಾದ ಎತ್ತರದ ನೆಲ, ಅಲ್ಲಿ ಇಂದಿಗೂ ಇದು ಮುಖ್ಯ ಎಣ್ಣೆಕಾಳು. ಅರ್ಧದಿಂದ ಒಂದೂವರೆ ಮೀಟರ್ ಎತ್ತರದ ಗಿಡ, ಮೆತ್ತನೆಯ ಕಾಂಡ, ಒರಟು ಎಲೆ. ನಾವು ಒಂದು ಹೂ ಎನ್ನುವುದು ಅಸಲಿಗೆ ಹೂಗಳ ಗೊಂಚಲು: ಅಂಚಿನಲ್ಲಿ ಎಂಟರಷ್ಟು ಹಳದಿ ಎಸಳು, ನಡುವೆ 40ರಿಂದ 60 ಕಿರುಹೂಗಳು. ಕಿರುಹೂ ಒಂದಕ್ಕೆ ಕಾಳು ಒಂದು. ಆದರೆ ತನ್ನದೇ ಪರಾಗವನ್ನು ಗಿಡ ಒಪ್ಪುವುದಿಲ್ಲ. ಬೇರೆ ಗಿಡದ ಪರಾಗವೇ ಬೇಕು. ಆ ಪರಾಗ ಅಂಟಂಟು, ಗಾಳಿಗೆ ಹಾರಿಹೋಗುವಂಥದ್ದಲ್ಲ. ತುಡುವೆ, ಕೋಲ್ಜೇನು, ಹೆಜ್ಜೇನುಗಳೇ ಹೊತ್ತು ತರಬೇಕು.

ಹಾಗಾಗಿ ಹಿತ್ತಲಿನಲ್ಲಿ ಒಂಟಿ ಗಿಡ ನೆಟ್ಟು ಕಾಳಿಗೆ ಕಾಯುವುದು ವ್ಯರ್ಥ. ಬೀಜಕ್ಕೆ ಎತ್ತಿಡುವಾಗಲೂ ಒಂದೇ ಚೆಂದದ ಗಿಡದ ಕಾಳು ಬೇಡ, ಹತ್ತಾರು ಗಿಡಗಳದ್ದು ಬೆರೆಸಿಡಿ; ಒಂದೇ ಸಂತಾನದ ಗಿಡಗಳು ಒಂದರ ಪರಾಗವನ್ನು ಇನ್ನೊಂದು ಒಪ್ಪದಿರುವ ಸಂಭವ ಹೆಚ್ಚು. ಬರಿ ಹುಚ್ಚೆಳ್ಳೇ ಬೆಳೆದರೆ ಎಕರೆಗೆ ಎರಡು ಜೇನುಪೆಟ್ಟಿಗೆ ಇಡಬಹುದು. ಹೂವಿರುವಾಗ ಕೀಟನಾಶಕ ಬೇಡವೇ ಬೇಡ. ಹುಳು ಮಿತಿಮೀರಿ ಹೊಡೆಯಲೇಬೇಕಾದರೆ ಜೇನು ಗೂಡು ಸೇರಿದ ಮೇಲೆ, ಸಂಜೆ.

ಬಿತ್ತನೆ ಜುಲೈ–ಆಗಸ್ಟ್‌ನಲ್ಲಿ. ಹಗಲು ಕಿರಿದಾಗುತ್ತ ಬಂದಾಗ ಹೂ ಬಿಡುವ ಗಿಡವಾದ್ದರಿಂದ ತೀರಾ ಮುಂಚೆ ಬಿತ್ತಿದರೆ ಸೊಪ್ಪೇ ಹೆಚ್ಚು. ಪೂರ್ತಿ ಬೆಳೆಗೆ ಎಕರೆಗೆ ಎರಡು ಕಿಲೋ ಬೀಜ ಸಾಕು. ಕಾಳು ಸಣ್ಣದು, ಮರಳು ಬೆರೆಸದಿದ್ದರೆ ಒಂದೇ ಕಡೆ ಸುರಿಯುತ್ತದೆ. ಸಾಲಿನಿಂದ ಸಾಲಿಗೆ 30 ಸೆಂ.ಮೀ., ಗಿಡದಿಂದ ಗಿಡಕ್ಕೆ 10. ಆಳ ಮೂರು ಸೆಂ.ಮೀ. ಮೀರಿದರೆ ಮೊಳಕೆ ಮೇಲೆ ಬರಲಾರದು. ಹದಿನೈದು ಇಪ್ಪತ್ತು ದಿನಕ್ಕೆ ಕಳೆ ತೆಗೆಯುತ್ತಲೇ ಒತ್ತಾದ ಸಸಿ ಕೀಳಬೇಕು. ಅಕ್ಕಡಿಗಾದರೆ ರಾಗಿಯ ಜೊತೆಗೇ, ಕೂರಿಗೆಯ ಹಿಂದೆ ಸಡ್ಡೆ (ಬೀಜ ಬಿಡುವ ಕೊಳವೆ) ಕಟ್ಟಿ ಬಿಡುವುದು ವಾಡಿಕೆ. ದನ ಇದಕ್ಕೆ ಅಷ್ಟಾಗಿ ಬಾಯಿ ಹಾಕದ ಕಾರಣ ಹೊಲದ ಅಂಚಿಗೂ ಒಳ್ಳೆಯದು. ಸಾರಜನಕ ಎಕರೆಗೆ 8 ಕಿಲೋ, ಅಂದರೆ ಸುಮಾರು 17 ಕಿಲೋ ಯೂರಿಯಾ, ಸಾಕು.

ನಿಜವಾದ ಶತ್ರು ಕಸ್ಕ್ಯೂಟ: ಬೇರು ಎಲೆ ಎರಡೂ ಇಲ್ಲದೆ ಗಿಡಕ್ಕೆ ಸುತ್ತಿ ರಸ ಹೀರುವ ಹಳದಿ ಬಳ್ಳಿ. ಇದು ಬರುವುದೇ ಬಿತ್ತನೆ ಬೀಜದೊಳಗೆ ಬೆರೆತು. ಅದರ ಬೀಜ ಹುಚ್ಚೆಳ್ಳಿಗಿಂತ ಚಿಕ್ಕದು, ಒಂದು ಮಿ.ಮೀ. ಕಣ್ಣಿನ ಜರಡಿ ಹಿಡಿದರೆ ಬಹುಪಾಲು ಕೆಳಗೆ ಬೀಳುತ್ತದೆ. ಮಣ್ಣಿಗೆ ಸೇರಿತೋ, ಹತ್ತು ವರ್ಷ ಕಳೆದರೂ ಮೊಳೆಯಬಲ್ಲದು. ಬಳ್ಳಿಯನ್ನಷ್ಟೇ ಕಿತ್ತರೆ ಉಳಿದ ತುಂಡು ಮತ್ತೆ ಚಿಗುರುತ್ತದೆ; ಅದು ಹೂ ಬಿಡುವ ಮೊದಲೇ ಸುತ್ತಿಕೊಂಡ ಗಿಡದ ಸಮೇತ ಕಿತ್ತು ಸುಡಬೇಕು. ಅಮೆರಿಕಕ್ಕೆ ಹಕ್ಕಿಗಳ ಕಾಳಾಗಿ ಹೋಗುವ ಹುಚ್ಚೆಳ್ಳನ್ನು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ನಿಮಿಷ ಕಾಯಿಸಬೇಕೆಂಬ ನಿಯಮ ಬಂದದ್ದೂ ಇಂಥ ಕಳೆಬೀಜಗಳ ಭಯಕ್ಕೇ.

ಹೂ ವಾರಗಟ್ಟಲೆ ಬಿಡುವುದರಿಂದ ಕಾಳು ಒಟ್ಟಿಗೆ ಬಲಿಯುವುದಿಲ್ಲ. ಕೊನೆಯದಕ್ಕೆ ಕಾದರೆ ಮೊದಲಿನದು ಉದುರಿರುತ್ತದೆ. ಎಲೆ ಒಣಗಿ ತೆನೆ ಕಂದಾದಾಗ, ಮುಂಜಾನೆ ಇಬ್ಬನಿ ಆರುವ ಮೊದಲೇ ಕೊಯ್ದು, ಬಿಸಿಲಲ್ಲಿ ಒಣಗಿಸಿ ಟಾರ್ಪಾಲಿನ ಮೇಲೆ ಬಡಿಯಬೇಕು. ಮಳೆಯಾಶ್ರಯದಲ್ಲಿ ಎಕರೆಗೆ ಒಂದೂವರೆ–ಎರಡು ಕ್ವಿಂಟಲ್ ಬಂದರೆ ಚೆನ್ನಾಗಿ ಬಂದಂತೆ.

ಕಾಳಿನ ಬಳಕೆ ಅಡುಗೆಮನೆಯಲ್ಲಿ ಮುಗಿಯುವುದಿಲ್ಲ. ಮೆದುಳಿಗೆ ಸೋಂಕು ತರುವ ಕ್ರಿಪ್ಟೊಕಾಕಸ್ ಶಿಲೀಂಧ್ರವನ್ನು ಪ್ರಯೋಗಾಲಯಗಳಲ್ಲಿ ಹುಚ್ಚೆಳ್ಳಿನ ಸಾರ ಬೆರೆಸಿದ ಅಗರ್ ಎಂಬ ಲೋಳೆಯ ಮೇಲೆ ಬೆಳೆಸುತ್ತಾರೆ. ಕಾಳಿನಲ್ಲಿರುವ ಕೆಫಿಕ್ ಆಮ್ಲದಿಂದ ಅದು ಕಂದುಬಣ್ಣ ಕಟ್ಟಿಕೊಂಡು ಸಿಕ್ಕಿಬೀಳುತ್ತದೆ. ಎಣ್ಣೆ ತೆಗೆದ ಹಿಂಡಿ ದನಗಳಿಗೆ.

ಚಟ್ನಿಪುಡಿಗೆ ಕಾಳನ್ನು ಮೊದಲು ಜಾಲಿಸಿ ಕಲ್ಲು ತೆಗೆದು ಒಣಗಿಸಿ. ಒಂದು ಲೋಟ ಕಾಳಿಗೆ ಎಂಟು ಹತ್ತು ಒಣಮೆಣಸಿನಕಾಯಿ, ಆರೇಳು ಎಸಳು ಬೆಳ್ಳುಳ್ಳಿ, ಗೋಲಿಗಾತ್ರದ ಹುಣಸೆ, ಉಪ್ಪು, ಬೇಕಿದ್ದರೆ ಚೂರು ಬೆಲ್ಲ. ಸಣ್ಣ ಉರಿಯಲ್ಲಿ ಚಟಪಟ ಸಿಡಿದು ಘಮ ಬಂದೊಡನೆ ಇಳಿಸಬೇಕು. ಕಾಳೇ ಕಪ್ಪಾದ್ದರಿಂದ ಸೀದದ್ದು ಕಣ್ಣಿಗೆ ಕಾಣದು, ಕಹಿಯಾದ ಮೇಲಷ್ಟೇ ಗೊತ್ತಾಗುತ್ತದೆ. ಎಣ್ಣೆಯ ಅಂಶ ಶೇಕಡ 30ರಿಂದ 40, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಲಿನೋಲಿಕ್ ಆಮ್ಲ. ಗಾಳಿ ಬೆಳಕು ತಗುಲಿದರೆ ಅದು ಬೇಗ ಕಮಟುತ್ತದೆ. ಎರಡು ಮೂರು ವಾರಕ್ಕಾಗುವಷ್ಟೇ ಪುಡಿ ಮಾಡಿ, ಉಳಿದ ಕಾಳನ್ನು ಹುರಿಯದೆ ಹಾಗೇ ಡಬ್ಬಿಯಲ್ಲಿಡಿ.