ಸಿಎಸ್‌ಆರ್ ಘಟಕಕ್ಕೆ ಯಜಮಾನರು ಯಾರು?

ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣಕ್ಕಾಗಿ ಮಲೆನಾಡಿನ ಪಂಚಾಯಿತಿ, ಶಾಲೆ, ಸಂಘಗಳಿಗೆ ಯೋಜನಾ ವರದಿ ಬರೆದುಕೊಡುವುದು ನನ್ನ ಕಸುಬು. ಹಣ ಸಿಗುವುದು ಹೇಗೆ ಅಂತ ಕೇಳಿಕೊಂಡು ಬರುವವರು ಬೇಕಾದಷ್ಟು ಜನ. ಸಿಕ್ಕಿದ್ದನ್ನು ನಡೆಸಿಕೊಂಡು ಹೋಗುವುದು ಹೇಗೆ ಅಂತ ಕೇಳುವವರು ಬೆರಳೆಣಿಕೆಯಷ್ಟು. ಆಮೇಲೆ ಆಷಾಢದ ಮಳೆ ಹಿಡಿದುಕೊಂಡಾಗ ಫೋನ್ ಬರುತ್ತದೆ: "ಸಾರ್, ಕಂಪನಿಯವ್ರು ಕೊಟ್ಟಿದ್ರಲ್ಲ, ಆ ಮಷಿನ್ ನಿಂತುಹೋಗಿದೆ. ಅವ್ರಿಗೆ ಒಂದು ಮಾತು ಹೇಳಿ, ಬಂದು ಸರಿ ಮಾಡಿಸ್ಲಿ."

ಅವರು ಬರುವುದಿಲ್ಲ. ಅವರದು ಕಲ್ಲು ಮನಸ್ಸು ಅಂತಲ್ಲ. ಆ ಮಷಿನ್ ಅವರದ್ದೇ ಅಲ್ಲ. ಹಸ್ತಾಂತರ ಪತ್ರಕ್ಕೆ ಸಹಿ ಬಿದ್ದ ದಿನದಿಂದ ಅದು ನಿಮ್ಮದು. ಇದನ್ನು ಎಷ್ಟು ಸಭೆಗಳಲ್ಲಿ ಹೇಳಿದರೂ ತಲೆಯಾಡಿಸಿ ಎದ್ದು ಹೋಗುತ್ತಾರೆ. ಹಾಗಾಗಿ ಇವತ್ತು ಇದೊಂದನ್ನೇ ಬಿಡಿಸಿ ಬರೆಯುತ್ತೇನೆ.

ಕಾನೂನಿನ ಮೊದಲ ಪಾಠ ಈಗ ಬಹುಪಾಲು ಜನರಿಗೆ ಗೊತ್ತಿದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್, 2014ರ ಏಪ್ರಿಲ್ 1ರಿಂದ ಜಾರಿ. 500 ಕೋಟಿ ನಿವ್ವಳ ಆಸ್ತಿ, 1000 ಕೋಟಿ ವಹಿವಾಟು, 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಖರ್ಚು ಮಾಡಬೇಕು. ಯಾವ ಕೆಲಸಕ್ಕೆ ಎಂಬುದು ಏಳನೇ ಅನುಸೂಚಿಯಲ್ಲಿದೆ. ಗ್ರಾಮೀಣಾಭಿವೃದ್ಧಿ, ಶಿಕ್ಷಣ, ಆರೋಗ್ಯ, ಕುಡಿಯುವ ನೀರು ಎಲ್ಲವೂ ಆ ಪಟ್ಟಿಯಲ್ಲಿ ಬರುತ್ತವೆ. ಕಂಪನಿ ತಾನಿರುವ ಊರಿಗೆ, ಅದರ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕು ಅಂತಲೂ ಕಾಯ್ದೆ ಹೇಳುತ್ತದೆ. ದೊಡ್ಡ ಕಾರ್ಖಾನೆಗಳು ಕಡಿಮೆಯಿರುವ ನಮ್ಮ ಹೊಸನಗರ, ಸೊರಬದ ಕಡೆಗೆ ಈ ಹಣ ಹರಿದು ಬರುವುದು ಕಡಿಮೆ ಎನ್ನುವುದಕ್ಕೆ ಇದೂ ಒಂದು ಕಾರಣ. ಬಂದಷ್ಟನ್ನಾದರೂ ಹಾಳು ಮಾಡಬಾರದು ಎಂದು ನಾನು ಇಷ್ಟು ಹಟ ಹಿಡಿಯುವುದು ಅದಕ್ಕೇ.

ಇನ್ನು ಯಾರೂ ಓದದ ನಿಯಮಕ್ಕೆ ಬರೋಣ. 2021ರ ಜನವರಿ 22ರಂದು ಸಿಎಸ್‌ಆರ್ ನಿಯಮಗಳಿಗೆ ತಿದ್ದುಪಡಿ ಬಂತು. ಅದರ ಪ್ರಕಾರ ಈ ಹಣದಲ್ಲಿ ಕಟ್ಟಿದ ಕಟ್ಟಡ, ಕೊಂಡ ಯಂತ್ರ ಮುಂತಾದ ಬಂಡವಾಳ ಆಸ್ತಿಯನ್ನು ಕಂಪನಿ ತನ್ನ ಹೆಸರಿನಲ್ಲಿ ಇಟ್ಟುಕೊಳ್ಳುವಂತಿಲ್ಲ. ಅದು ಮೂವರಲ್ಲಿ ಒಬ್ಬರ ಕೈಯಲ್ಲಿರಬೇಕು: ಸಿಎಸ್‌ಆರ್ ನೋಂದಣಿ ಸಂಖ್ಯೆ ಪಡೆದ ಟ್ರಸ್ಟ್, ಸೊಸೈಟಿ ಅಥವಾ ಲಾಭರಹಿತ ಕಂಪನಿ, ಇಲ್ಲವೇ ಆ ಯೋಜನೆಯ ಫಲಾನುಭವಿಗಳದ್ದೇ ಸ್ವಸಹಾಯ ಸಂಘ ಅಥವಾ ಒಕ್ಕೂಟ, ಇಲ್ಲವೇ ಸರ್ಕಾರಿ ಪ್ರಾಧಿಕಾರ. ನಮ್ಮ ಹಳ್ಳಿಗಳ ಮಟ್ಟಿಗೆ ಪ್ರಾಧಿಕಾರ ಎಂದರೆ ಸಾಮಾನ್ಯವಾಗಿ ಗ್ರಾಮ ಪಂಚಾಯಿತಿ.

ಇದರ ಅರ್ಥ ಏನು ಅಂತ ಯೋಚಿಸಿ. ನೀರಿನ ಘಟಕದ ಗೋಡೆಯ ಮೇಲೆ ಕಂಪನಿಯ ಹೆಸರು, ಲಾಂಛನ ದೊಡ್ಡದಾಗಿ ಇರಬಹುದು. ಆದರೆ ಪಂಚಾಯಿತಿಯ ಆಸ್ತಿ ವಹಿಯಲ್ಲಿ ಅದು ಪಂಚಾಯಿತಿಯ ಸ್ವತ್ತು. ಮೆಸ್ಕಾಂನ ಕರೆಂಟ್ ಬಿಲ್ ಪಂಚಾಯಿತಿಗೆ ಬರುತ್ತದೆ. ಮೋಟಾರ್ ಸುಟ್ಟರೆ ಕೊಟೇಶನ್ ತರಿಸಬೇಕಾದವರು ಪಿಡಿಒ. ಫಿಲ್ಟರ್ ಕಟ್ಟಿಕೊಂಡರೆ ಬಿಚ್ಚಿ ತೊಳೆಯಬೇಕಾದವರು ನಿಮ್ಮೂರಿನ ವಾಟರ್‌ಮನ್. ಬೋರ್ಡಿನಲ್ಲಿ ಹೆಸರಿದ್ದವರೇ ಯಜಮಾನರು ಎಂದು ಊರಿನವರು ತಿಳಿದಿದ್ದಾರೆ, ಪಂಚಾಯಿತಿ ಸದಸ್ಯರೂ ಹಾಗೇ ತಿಳಿದಿದ್ದಾರೆ. ಗೋದಾನ ಕೊಟ್ಟವರು ದಿನಾ ಬೆಳಗ್ಗೆ ಹುಲ್ಲು ಹಾಕುವುದಕ್ಕೆ ಬರುತ್ತಾರೆಯೇ?

ಈ ತಪ್ಪು ತಿಳಿವಳಿಕೆಯ ಬೇರು ನಮ್ಮ ಜಿಲ್ಲೆಯ ಇತಿಹಾಸದಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ. ಶಿವಮೊಗ್ಗದ ಹಿರಿಯರಿಗೆ ಕಂಪನಿ ಅಂದರೆ ಏನೆಂದು ತೋರಿಸಿಕೊಟ್ಟಿದ್ದು ಭದ್ರಾವತಿ. 1918ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಹುಟ್ಟಿದ ಕಾಗದದ ಕಾರ್ಖಾನೆ, ಎರಡೂ ಕೆಲಸದ ಜೊತೆಗೆ ಕ್ವಾರ್ಟರ್ಸ್, ಆಸ್ಪತ್ರೆ, ಶಾಲೆ ಎಲ್ಲ ಕೊಟ್ಟವು. ಬೀದಿ ದೀಪ ಕೆಟ್ಟರೆ ಕಾರ್ಖಾನೆಯ ಮನುಷ್ಯನೇ ಏಣಿ ಹಿಡಿದು ಬರುತ್ತಿದ್ದ ಕಾಲ ಅದು. ಆಗ ಸಿಎಸ್‌ಆರ್ ಎಂಬ ಶಬ್ದವೇ ಇರಲಿಲ್ಲ, ಕಾಯ್ದೆಯ ಒತ್ತಾಯವೂ ಇರಲಿಲ್ಲ. ನನಗೆ ಆ ವ್ಯವಸ್ಥೆಯ ಬಗ್ಗೆ ಇವತ್ತಿಗೂ ಗೌರವವಿದೆ. ಆದರೆ ಈಗ ಹಣ ಕೊಡುವ ಕಂಪನಿ ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಇರುತ್ತದೆ. ಅಲ್ಲಿ ಸಿಎಸ್‌ಆರ್ ನೋಡಿಕೊಳ್ಳುವವರು ಇಬ್ಬರೋ ಮೂವರೋ. ಆ ವಿಭಾಗದ ಆಡಳಿತ ವೆಚ್ಚ ವರ್ಷದ ಒಟ್ಟು ಸಿಎಸ್‌ಆರ್ ಖರ್ಚಿನ ಶೇ. 5 ದಾಟುವಂತಿಲ್ಲ ಎಂಬ ಮಿತಿ ಬೇರೆ ಇದೆ. ಯೋಜನೆಯ ಪರಿಣಾಮ ಏನಾಯಿತು ಅಂತ ಹೊರಗಿನವರಿಂದ ಅಧ್ಯಯನ ಮಾಡಿಸುವ ಕಡ್ಡಾಯ ಇರುವುದು ಸರಾಸರಿ 10 ಕೋಟಿ ಅಥವಾ ಅದಕ್ಕೂ ಹೆಚ್ಚು ಸಿಎಸ್‌ಆರ್ ಬಾಧ್ಯತೆ ಇರುವ ಕಂಪನಿಗಳಿಗೆ, ಅದೂ 1 ಕೋಟಿ ಮತ್ತು ಮೇಲ್ಪಟ್ಟ ಯೋಜನೆಗಳಿಗೆ ಮಾತ್ರ. ನಮ್ಮ ಎಂಟು ಲಕ್ಷದ ನೀರಿನ ಘಟಕವನ್ನು ಎರಡು ವರ್ಷ ಬಿಟ್ಟು ಬಂದು ನೋಡಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ.

ಶುದ್ಧ ನೀರಿನ ಘಟಕದ ಮಾತು ಬಂತಲ್ಲ, ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ನನಗೆ ಬರುವ ಅರ್ಜಿಗಳಲ್ಲಿ ಇದರದ್ದೇ ದೊಡ್ಡ ಪಾಲು. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ, ಲವಣ ಹೆಚ್ಚು. ಅಲ್ಲಿ ನೀರನ್ನು ಸೂಕ್ಷ್ಮ ಪೊರೆಯ ಮೂಲಕ ಸೋಸಿ ಲವಣ ತೆಗೆಯುವ ಆರ್‌ಒ ಯಂತ್ರ ಜೀವ ಉಳಿಸುವ ಸಾಮಾನು. ಅದೇ ಯಂತ್ರವನ್ನು ತಂದು ನಗರದ ಕಡೆಯ ಒಂದು ಊರಿನಲ್ಲಿ ಕೂರಿಸಿದ್ದರು. ನಗರ ಅಂದರೆ ಬಿದನೂರು ನಗರ, ಹೊಸನಗರ ತಾಲ್ಲೂಕು. ಕುಡಿಯುವ ನೀರಿನಲ್ಲಿ ಕರಗಿದ ಲವಣಾಂಶ ಲೀಟರಿಗೆ 500 ಮಿಲಿಗ್ರಾಂವರೆಗೆ ಇರಬಹುದು ಅಂತ ಭಾರತೀಯ ಮಾನಕ. ನಾನು ಪಕ್ಕದ ಬಾವಿಯ ನೀರಿಗೆ ಲವಣ ಅಳೆಯುವ ಮೀಟರ್ ಅದ್ದಿದರೆ ಅಂಕಿ ನೂರನ್ನೂ ಮುಟ್ಟಲಿಲ್ಲ. ಅಂಥ ನೀರಿನಿಂದ ತೆಗೆಯುವುದಕ್ಕೆ ಲವಣ ಎಲ್ಲಿದೆ?

ಆದರೆ ಆ ಘಟಕಕ್ಕೆ ನೀರು ಕೊಡುತ್ತಿದ್ದದ್ದು ಬಾವಿಯಲ್ಲ, ಹೊಸದಾಗಿ ಕೊರೆಸಿದ ಬೋರು. ಜಂಬಿಟ್ಟಿಗೆ ನೆಲದ ಬೋರಿನಲ್ಲಿ ಕಬ್ಬಿಣದ ಅಂಶ ಬರುವುದು ನಮ್ಮಲ್ಲಿ ಸಾಮಾನ್ಯ. ನಲ್ಲಿಯ ಬಾಯಿಗೆ ಕೆಂಪು ಹಿಡಿದಿತ್ತು, ತೊಟ್ಟಿಯ ತಳದಲ್ಲಿ ತುಕ್ಕಿನ ಬಣ್ಣದ ಕೆಸರು ಕೂತಿತ್ತು. ಕಬ್ಬಿಣವನ್ನು ಮೊದಲೇ ತೆಗೆಯುವ ವ್ಯವಸ್ಥೆ ಇಲ್ಲದಿದ್ದರೆ ಆರ್‌ಒ ಮೆಂಬ್ರೇನ್ (ಸೋಸುವ ಪೊರೆ) ಅದೇ ಕೆಸರಿನಲ್ಲಿ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡಿತು. ಹೊಸ ಮೆಂಬ್ರೇನ್‌ಗೆ ದುಡ್ಡಿಲ್ಲ. ಐದು ರೂಪಾಯಿ ನಾಣ್ಯ ಹಾಕಿ ಕ್ಯಾನ್ ತುಂಬಿಸುವವರು ಮೊದಲೇ ಕಡಿಮೆ. ಪಕ್ಕದ ಮನೆಯ ಅಜ್ಜಿ ನನ್ನನ್ನು ಕೂರಿಸಿ ಬಾವಿಯ ನೀರಿನಲ್ಲಿ ಮಾಡಿದ ಪಾನಕ ಕೊಟ್ಟು, "ಅದರ ನೀರು ಸಪ್ಪೆ ಮಾರಾಯ್ರೆ, ನಂಗೆ ಬಾವಿದೇ ಆಗ್ಬೇಕು" ಅಂದರು. ಮಲೆನಾಡಿನ ತೆರೆದ ಬಾವಿಗಳ ನಿಜವಾದ ತೊಂದರೆ ಮಳೆಗಾಲದಲ್ಲಿ ಹರಿದು ಬಂದು ಸೇರುವ ಕೊಳೆ, ಅದರ ಜೊತೆಗಿನ ರೋಗಾಣು. ಅದಕ್ಕೆ ಬೇಕಿದ್ದದ್ದು ಬಾವಿಗೆ ಕಟ್ಟೆ, ಮೇಲೊಂದು ಮುಚ್ಚಳ, ಕ್ರಮವಾಗಿ ಕ್ಲೋರಿನ್ ಹಾಕುವ ಒಬ್ಬ ಮನುಷ್ಯ. ಇಷ್ಟನ್ನು ಕೇಳಿ ಅರ್ಜಿ ಕೊಟ್ಟ ಊರನ್ನು ನಾನಂತೂ ಕಂಡಿಲ್ಲ. ನಿಮ್ಮ ಊರಿನ ನೀರೂ ಹೀಗೇ ಎಂದು ನಾನು ಹೇಳುತ್ತಿಲ್ಲ. ಒಂದು ಗುಡ್ಡ ದಾಟಿದರೆ ನೀರು ಬೇರೆ. ಮೊದಲು ಪ್ರಯೋಗಾಲಯದ ವರದಿ ತರಿಸಿ, ಆಮೇಲೆ ಯಂತ್ರದ ಮಾತಾಡೋಣ.

ಸೋಲಾರ್ ಬೀದಿ ದೀಪದ ಕಥೆಯೂ ಇದೇ. ತೋಟದ ಮರಗಳ ನೆರಳಿನಲ್ಲಿ ಪ್ಯಾನಲ್, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ, ನಾಲ್ಕೈದು ವರ್ಷಕ್ಕೆ ಬ್ಯಾಟರಿ ಬದಲಿಸುವ ಖರ್ಚು. ಹೆಚ್ಚು ಹೇಳಬೇಕಾಗಿಲ್ಲ.

ಕಂಪನಿಗಳ ಕಡೆಯ ತಪ್ಪನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಅವರ ವರ್ಷ ಏಪ್ರಿಲ್‌ಗೆ ಶುರು, ಮಾರ್ಚ್ 31ಕ್ಕೆ ಮುಗಿತಾಯ. ಮಂಜೂರಾತಿ ಬರುವ ಹೊತ್ತಿಗೆ ಇಲ್ಲಿ ಮಳೆ. ಮಳೆ ಬಿಟ್ಟ ಮೇಲೆ ಅಡಿಕೆ ಕೊಯ್ಲು. ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗೌಡರು ಸಿಕ್ಕ ದಿನ ತೋಟಕ್ಕೆ ಹೋಗಬೇಕು, ರಾತ್ರಿ ಸುಲಿಯುವುದಕ್ಕೆ ಕೂರಬೇಕು, ಗ್ರಾಮಸಭೆಗೆ ಯಾರು ಬರುತ್ತಾರೆ? ಹೀಗಾಗಿ ಊರಿನವರ ಜೊತೆ ಸರಿಯಾಗಿ ಕೂತು ಮಾತಾಡದೆಯೇ ಜನವರಿಯಲ್ಲಿ ಅಡಿಪಾಯ, ಮಾರ್ಚಿನಲ್ಲಿ ಟೇಪು ಕತ್ತರಿಸುವುದು. ಖರ್ಚಾಗದ ಹಣವನ್ನು ಕೇಂದ್ರದ ನಿಧಿಗೆ ಕಟ್ಟಬೇಕಾಗುತ್ತದೆಂಬ ಆತುರ ಅವರದ್ದು. ಉದ್ಘಾಟನೆಯ ದಿನ ಬಿಸಿಲು ಚೆನ್ನಾಗಿರುತ್ತದೆ, ಫೋಟೊ ಚೆನ್ನಾಗಿ ಬರುತ್ತದೆ. ಮಲೆನಾಡಿನಲ್ಲಿ ಕಟ್ಟಡಕ್ಕಾಗಲಿ ಯಂತ್ರಕ್ಕಾಗಲಿ ನಿಜವಾದ ಪರೀಕ್ಷೆ ಜುಲೈನಲ್ಲಿ: ಸೂರು ಸೋರುತ್ತದೋ, ಲೈನಿನ ಮೇಲೆ ಮರ ಬಿದ್ದು ವಾರಗಟ್ಟಲೆ ಕರೆಂಟಿಲ್ಲದಾಗ ಏನಾಗುತ್ತದೆ, ವೋಲ್ಟೇಜ್ ಏರಿಳಿದರೆ ಮೋಟಾರ್ ತಡೆಯುತ್ತದೋ. ಅಷ್ಟರಲ್ಲಿ ಗುತ್ತಿಗೆದಾರನ ಬಿಲ್ ಚುಕ್ತಾ ಆಗಿರುತ್ತದೆ, ಕಂಪನಿಯ ಕಡತ ಮುಚ್ಚಿರುತ್ತದೆ.

ಇದಕ್ಕೆ ದಾರಿ ನಿಯಮದಲ್ಲೇ ಇದೆ, ಕೇಳುವವರಿಲ್ಲ ಅಷ್ಟೆ. ಯೋಜನೆಯನ್ನು "ಮುಂದುವರಿಯುವ ಯೋಜನೆ" ಎಂದು ಕಂಪನಿಯ ಮಂಡಳಿ ಒಪ್ಪಿದರೆ, ಶುರುವಾದ ವರ್ಷ ಬಿಟ್ಟು ಇನ್ನೂ ಮೂರು ಹಣಕಾಸು ವರ್ಷಗಳವರೆಗೆ ಅದನ್ನು ನಡೆಸಬಹುದು. ಆ ವರ್ಷ ಖರ್ಚಾಗದೆ ಉಳಿದ ಹಣ ಕಂಪನಿಯ ಪ್ರತ್ಯೇಕ ಬ್ಯಾಂಕ್ ಖಾತೆಗೆ ಹೋಗುತ್ತದೆ, ಅಲ್ಲಿಂದ ಇದೇ ಕೆಲಸಕ್ಕೆ ಬಳಕೆಯಾಗುತ್ತದೆ. ಹಾಗಾಗಿ ನಾನು ಈಗ ಬರೆಯುವ ವರದಿಗಳಲ್ಲಿ ಎರಡು ಸಾಲು ತಪ್ಪದೆ ಇರುತ್ತವೆ. ಗುತ್ತಿಗೆದಾರನಿಗೆ ಕೊನೆಯ ಕಂತು ಒಂದು ಪೂರ್ತಿ ಮಳೆಗಾಲ ಕಳೆದ ಮೇಲೆ. ಮೊದಲ ಮೂರು ವರ್ಷದ ನಿರ್ವಹಣೆಯ ಖರ್ಚು ಯೋಜನಾ ವೆಚ್ಚದ ಒಳಗೇ. ಇದನ್ನು ನೋಡಿ ಮೂಗು ಮುರಿದ ಕಂಪನಿಗಳೂ ಇವೆ, ಸಂತೋಷದಿಂದ ಒಪ್ಪಿದವೂ ಇವೆ. ಪ್ರತಿ ಕಂಪನಿಯ ಸಿಎಸ್‌ಆರ್ ನೀತಿ ಬೇರೆ ಬೇರೆ, ಆದ್ದರಿಂದ ಒಪ್ಪಂದ ಪತ್ರವನ್ನು ಲೆಕ್ಕಪರಿಶೋಧಕರಿಗೆ ತೋರಿಸದೆ ಸಹಿ ಹಾಕಬೇಡಿ.

ಸಾಗರ ತಾಲ್ಲೂಕಿನ ಒಂದು ಸ್ತ್ರೀಶಕ್ತಿ ಸಂಘದ ಹೆಂಗಸರನ್ನು ನೆನೆಸಿಕೊಂಡರೆ ಮನಸ್ಸು ತುಂಬಿ ಬರುತ್ತದೆ. ಅಡಿಕೆ ಹಾಳೆಯ ತಟ್ಟೆ ಮಾಡುವ ಮೂರು ಮಷಿನ್ ಕೊಡಿಸುತ್ತೇವೆಂದು ಕಂಪನಿಯವರು ಬಂದಿದ್ದರು. ಸಂಘದ ಅಧ್ಯಕ್ಷೆ ಕೊಟೇಶನ್ ಓದಿಸಿಕೊಂಡು ಕೇಳಿದ್ದು ಇಷ್ಟು: "ಮಷಿನ್ ಎರಡು ಸಾಕು ಸಾರ್. ಮೂರನೇದ್ರ ದುಡ್ಡಲ್ಲಿ ಹಾಳೆ ಇಡಕ್ಕೆ ಒಂದು ಶೆಡ್ ಮಾಡಿಕೊಡಿ, ಅಟ್ಟ ಇರ್ಬೇಕು." ಆ ಮಾತಿನ ತೂಕ ಹಾಳೆ ಮುಟ್ಟಿದವರಿಗೆ ಗೊತ್ತು. ಹಾಳೆ ಉದುರುವುದು ಬೇಸಿಗೆಯಲ್ಲಿ. ಆಗಲೇ ಆಯ್ದು, ಒಣಗಿಸಿ, ಮಳೆಗೆ ಮುಂಚೆ ಒಳಗಿಟ್ಟರೆ ವರ್ಷವಿಡೀ ಕೆಲಸ. ಒಂದು ಸಲ ತಂಡಿ ಹೊಡೆದರೆ ಬೂಷ್ಟು ಹಿಡಿದು ಕಪ್ಪಾಗುತ್ತದೆ, ಅಂಥ ತಟ್ಟೆಯನ್ನು ಯಾರೂ ಕೊಳ್ಳುವುದಿಲ್ಲ. ಶೆಡ್ ಇಲ್ಲದಿದ್ದರೆ ಮೂರಲ್ಲ, ಹತ್ತು ಮಷಿನ್ ಇದ್ದರೂ ಜುಲೈನಲ್ಲಿ ಸುಮ್ಮನೆ ನಿಲ್ಲಬೇಕಿತ್ತು.

ಮಷಿನ್ ಸಂಘದ ಹೆಸರಿಗೇ ಆಯಿತು, ನಿಯಮದಲ್ಲಿ ಅದಕ್ಕೆ ಅವಕಾಶವಿದೆಯಲ್ಲ. ತಟ್ಟೆ ಮಾರಿದ ದುಡ್ಡಿನಲ್ಲಿ ಒಂದು ಪಾಲನ್ನು ತೆಗೆದು ಬೇರೆ ಪಾಸ್‌ಬುಕ್‌ಗೆ ಹಾಕುತ್ತಾರೆ. ಅದರ ರಟ್ಟಿನ ಮೇಲೆ ಬಾಲ್‌ಪೆನ್ನಿನಲ್ಲಿ "ಮಷಿನ್ ದುಡ್ಡು" ಅಂತ ಬರೆದಿದೆ. ಅದನ್ನು ಸಾಲಕ್ಕೆ ಕೊಡುವಂತಿಲ್ಲ, ಹಬ್ಬಕ್ಕೆ ಮುಟ್ಟುವಂತಿಲ್ಲ. ಅಚ್ಚಿನ ಹೀಟರ್ ಸುಟ್ಟಾಗ ಅವರು ನನಗೂ ಫೋನ್ ಮಾಡಲಿಲ್ಲ, ಕಂಪನಿಗೂ ಮಾಡಲಿಲ್ಲ. ಶಿವಮೊಗ್ಗದಿಂದ ಮೆಕ್ಯಾನಿಕ್ ಕರೆಸಿ, ಹಾಕಿಸಿ, ರಸೀದಿಯನ್ನು ಪಾಸ್‌ಬುಕ್ ಒಳಗೆ ಮಡಚಿಟ್ಟಿದ್ದರು. ನನಗೆ ವಿಷಯ ಗೊತ್ತಾಗಿದ್ದು ಮುಂದಿನ ಸಲ ಹೋದಾಗ.

ಪಂಚಾಯಿತಿಗಳಿಗೆ ಇಂಥ ಪಾಸ್‌ಬುಕ್ ಇಟ್ಟುಕೊಳ್ಳುವುದು ಅಷ್ಟು ಸುಲಭವಲ್ಲ, ಒಪ್ಪುತ್ತೇನೆ. ಅವರ ಹಣಕ್ಕೆ ತಲೆಬರಹ, ಕ್ರಿಯಾಯೋಜನೆ, ಲೆಕ್ಕ ತಪಾಸಣೆ ಎಲ್ಲ ಇವೆ. ಆದರೆ 15ನೇ ಹಣಕಾಸು ಆಯೋಗ ತನ್ನ ಅನುದಾನದಲ್ಲಿ ದೊಡ್ಡ ಪಾಲನ್ನು ಕುಡಿಯುವ ನೀರು, ನೈರ್ಮಲ್ಯಕ್ಕೆ ಅಂತಲೇ ಕಟ್ಟಿಟ್ಟಿತ್ತು. ಇಂಥ ಅನುದಾನದಲ್ಲಿ ಘಟಕದ ನಿರ್ವಹಣೆಯನ್ನು ಕ್ರಿಯಾಯೋಜನೆಗೆ ಸೇರಿಸಿಕೊಂಡ ಪಿಡಿಒಗಳನ್ನು ನಾನು ಬಲ್ಲೆ. ಸೇರಿಸಲು ಬರುವುದಿಲ್ಲ ಎನ್ನುವವರು ತಾಲ್ಲೂಕು ಪಂಚಾಯಿತಿಯಲ್ಲಿ ಲಿಖಿತವಾಗಿ ಕೇಳಿ ನೋಡಲಿ.

ಈ ಸಲ ನನ್ನ ಹತ್ತಿರ ಬರುವವರು ಅರ್ಜಿಯ ಜೊತೆಗೆ ಪಂಚಾಯಿತಿ ಸಾಮಾನ್ಯ ಸಭೆಯ ನಡಾವಳಿಯ ನಕಲು ತನ್ನಿ. ಸಂಘದವರಾದರೆ ಸಂಘದ ಠರಾವು. ಆಸ್ತಿ ಯಾರ ಹೆಸರಿಗೆ, ಮೆಸ್ಕಾಂ ಮೀಟರ್ ಯಾರ ಹೆಸರಿಗೆ, ಬೀಗದ ಕೈ ಯಾರ ಹತ್ತಿರ, ನಾಲ್ಕನೇ ವರ್ಷದ ರಿಪೇರಿ ಯಾವ ಲೆಕ್ಕದಲ್ಲಿ ಎಂಬುದು ಅದರಲ್ಲಿ ಬರೆದಿರಲಿ. ಕೊಯ್ಲು ಶುರುವಾಗುವ ಮೊದಲೇ, ನವರಾತ್ರಿಯ ಆಸುಪಾಸಿನಲ್ಲಿ ಸಭೆ ಕರೆದರೆ ಹೆಂಗಸರೂ ಬರುತ್ತಾರೆ. ನೀರು ಹೊರುವವರು, ಶಾಲೆಗೆ ಮಕ್ಕಳನ್ನು ಕಳಿಸುವವರು ಅವರೇ ಆದ್ದರಿಂದ ಅವರಿಲ್ಲದ ಸಭೆಯ ನಡಾವಳಿಯನ್ನು ನಾನು ವರದಿಗೆ ಲಗತ್ತಿಸುವುದಿಲ್ಲ.